ಆರಾಮ ಅದೀನ್ರಿ

ಕಸ್ತೂರಿಗೆ ಮೊದಲು ಅನುಮಾನ ಬಂದದ್ದು ಅರ್ಚನಾಳ ಮೇಲಲ್ಲ, ಅರ್ಚನಾ ತಂದ ಕರದಂಟಿನ ಮೇಲೆ.

ಗೋಕಾಕದವರು ಗೋಕಾಕ ಸೀಮೆಯವರ ಮನೆಗೇ ಕರದಂಟು ಒಯ್ಯುತ್ತಾರೆಯೇ? ಎಲ್ಲಾದರೂ ಕಂಡಿದ್ದರೆ ಹೇಳಿ. ಅದು ಹುಬ್ಬಳ್ಳಿಯ ಬೀಗರಿಗೆ, ಪುಣೆಯ ಸಾಹೇಬರಿಗೆ, ಕೆಲಸ ಆಗಬೇಕಾದ ಮೇಜುಗಳಿಗೆ ಹೋಗುವ ಸಿಹಿ. ಊರವರು ಊರವರನ್ನು ನೋಡಲು ಬಂದರೆ ಒಂದು ಡಜನ್ ಬಾಳೆಹಣ್ಣು, ಬಹಳ ಪ್ರೀತಿ ಉಕ್ಕಿದರೆ ಜೊತೆಗೊಂದು ಬಿಸ್ಕೀಟಿನ ಪುಡಿಕೆ. ಹೀಗಿರುವಾಗ ಅರ್ಧ ಕಿಲೋ ಕರದಂಟಿನ ಡಬ್ಬಿ, ಅಂಗಡಿಯವರು ಕಟ್ಟಿದ ಕೆಂಪು ದಾರ ಹಾಗೇ ಇದ್ದದ್ದು, ಮಮದಾಪುರದ ಶಿದ್ರಾಮ ಕಾಕಾನ ಪಡಸಾಲೆಗೆ ಬಂದು ಕುಳಿತರೆ ಏನೆಂದು ತಿಳಿಯಬೇಕು? ಯಾರೋ ಕೊಟ್ಟು ಕಳಿಸಿದ್ದಾರೆ ಎಂದೇ ಕಸ್ತೂರಿ ತಿಳಿದಳು.

“ಅಕ್ಕಾ, ಆರಾಮ?” ಅರ್ಚನಾ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಲೇ ಕೇಳಿದಳು.

“ಆರಾಮ ಅದೀನಿ ತಂಗಿ. ನೀ?”

“ನಾನೂ ಆರಾಮಕ್ಕಾ.”

ಮಾತು ಬಾಯಿಂದ ಬಿದ್ದ ಮೇಲೆ ಕಸ್ತೂರಿ ನಾಲಗೆ ಕಚ್ಚಿಕೊಂಡಳು. ಆರಾಮ ಇದ್ದವಳು ದವಾಖಾನೆಗೆ ಸೂಟಿ ಹಾಕಿ ಕಾಕಾನ ಮನೆಯಲ್ಲಿ ಇಪ್ಪತ್ತಮೂರು ದಿನ ಯಾಕೆ ಕೂತಿದ್ದಾಳೆ? ಗೋಕಾಕದ ಒಂದು ದೊಡ್ಡ ಖಾಸಗಿ ದವಾಖಾನೆಯಲ್ಲಿ ಅವಳು ಹನ್ನೊಂದು ವರ್ಷದಿಂದ ನರ್ಸು. ಅರ್ಚನಾ ಅದೇ ವಾರ್ಡಿನ ಕಿರಿಯ ನರ್ಸು, ಬಂದು ಎರಡು ವರ್ಷವೂ ಆಗಿಲ್ಲ. ಕಸ್ತೂರಿಯ ಸೂಟಿಯ ಅರ್ಜಿಯಲ್ಲಿ ಬರೆದದ್ದು ಬೆನ್ನುನೋವು ಎಂದು. ಆ ಬೆನ್ನಿಗೆ, ದೇವರಾಣೆ, ಏನೂ ಆಗಿರಲಿಲ್ಲ. ಆಗಷ್ಟೇ ನಳದಿಂದ ಎರಡು ಕೊಡ ನೀರು ಹೊತ್ತು ತಂದು ಬಾಗಿಲ ಬಳಿ ಇಳಿಸಿದ್ದಳು. ಅರ್ಚನಾ ಆ ಕೊಡಗಳನ್ನೇ ನೋಡುತ್ತಿದ್ದಳು.

“ಬೆನ್ನ ಹೆಂಗೈತಕ್ಕಾ?”

“ಐತವಾ, ಒಮ್ಮೊಮ್ಮೆ ಹಿಡಕೋತೈತಿ.” ಕಸ್ತೂರಿ ಸೊಂಟದ ಮೇಲೆ ಕೈ ಇಟ್ಟುಕೊಂಡಳು. ಸಾಲಿಯ ಗ್ಯಾದರಿಂಗಿನಲ್ಲಿ ಮುದುಕಿಯ ಪಾರ್ಟು ಮಾಡಿದವಳಂತೆ ನಿಂತಿದ್ದಾಳೆಂದು ಅವಳಿಗೇ ಅನಿಸಿತು. “ನೀ ಈ ಕಡೆ ಹೆಂಗ?”

“ಮೂಡಲಗಿಗೆ ಹೊಂಟಿದ್ದೆ, ಅವ್ವನ್ನ ನೋಡಾಕ. ಹಂಗ ಹಾದ್ಯಾಗ ಇಳದೆ.”

ಹಾದಿಯಲ್ಲಂತೆ! ಮೂಡಲಗಿಗೆ ಹೋಗುವ ಬಸ್ಸು ಬೇರೆ, ಮಮದಾಪುರಕ್ಕೆ ಬರುವ ಬಸ್ಸು ಬೇರೆ. ಮೂಡಲಗಿಗೆ ಹೊರಟವಳು ಇಲ್ಲಿ ಇಳಿಯಬೇಕೆಂದರೆ ಒಂದೋ ಡ್ರೈವರ್ ದಾರಿ ತಪ್ಪಬೇಕು, ಇಲ್ಲ ಹುಡುಗಿ ಸುಳ್ಳು ಹೇಳಬೇಕು. ಸಾಲದ್ದಕ್ಕೆ ಅವಳು ಮೊಬೈಲನ್ನು ಚೀಲದಲ್ಲಿ ಇಡದೆ ಹೊರಸಿನ ಮೇಲೆ, ಇಬ್ಬರ ನಡುವೆ, ಮುಖ ಮೇಲೆ ಮಾಡಿ ಇಟ್ಟಿದ್ದಳು. ಎಲ್ಲ ರೆಕಾರ್ಡ್ ಆಗುತ್ತಿದೆ ಎಂದು ಕಸ್ತೂರಿಗೆ ಖಾತ್ರಿಯಾಯಿತು.

“ಅಕ್ಕಾ, ನಿಮ್ಮನ್ನ ಒಂದ ಮಾತ ಕೇಳಬೇಕಿತ್ತು,” ಎಂದಳು ಅರ್ಚನಾ.

“ಕೇಳ.”

ಅಷ್ಟರಲ್ಲಿ ಚಿಗವ್ವ ಸೀತವ್ವ ಚಹಾ ತಂದಳು. ಅರ್ಚನಾ ಬಾಯಿ ಮುಚ್ಚಿದಳು. ಕಪ್ಪು ಹಿಡಿದ ಕೈ ಎಷ್ಟು ನಡುಗಿತೆಂದರೆ ಅರ್ಧ ಚಹಾ ಕೆಳಗಿನ ಬಸಿಗೆ ಚೆಲ್ಲಿತು. ಕಳ್ಳತನಕ್ಕೆ ಬಂದವರ ಕೈ ನಡುಗದೆ ಇನ್ನಾರ ಕೈ ನಡುಗುತ್ತದೆ ಎಂದುಕೊಂಡಳು ಕಸ್ತೂರಿ. ಒಂದೆರಡು ಗುಟುಕು ಕುಡಿಯುವುದರೊಳಗೆ ಫೋನು ಮಿನುಗಿತು. ಹುಡುಗಿ ಬೆಚ್ಚಿಬಿದ್ದು ಎದ್ದಳು, ಕೇಳಬೇಕಾದ ಮಾತು ಕೇಳದೆಯೇ ಹೊರಟುಹೋದಳು. ಡಬ್ಬಿಯನ್ನು ಯಾರೂ ಮುಟ್ಟಕೂಡದು ಎಂದು ಕಸ್ತೂರಿ ಗೋಡೆಯ ಮಾಡದಲ್ಲಿ ಇಟ್ಟಳು.

ನಮ್ಮ ಕಡೆಯ ಈ ಆರಾಮ ಎಂಬ ಶಬ್ದ ಬಹಳ ಮೋಸದ್ದು. ಮೈ ಚೆನ್ನಾಗಿದ್ದರೆ ಆರಾಮ, ಕೆಲಸ ಬಿಟ್ಟು ಮಲಗಿದರೂ ಆರಾಮ. ಜ್ವರ ಬಂದರೆ ಆರಾಮ ಇಲ್ಲ, ಇಳಿದರೆ ಆರಾಮ ಆತು. ಇಷ್ಟೇ ಆಗಿದ್ದರೆ ನಡೆಯುತ್ತಿತ್ತು. ಎದುರು ಸಿಕ್ಕವರನ್ನು ಮಾತಾಡಿಸುವುದಕ್ಕೂ ಅದೇ ಬೇಕೇ? ಆರಾಮ ಎಂದು ಒಬ್ಬ ಕೇಳಬೇಕು, ಆರಾಮ ಎಂದು ಇನ್ನೊಬ್ಬ ಹೇಳಬೇಕು, ಇಬ್ಬರೂ ಮುಂದೆ ಹೋಗಬೇಕು. ಕಾಲು ಮುರಿದುಕೊಂಡು ಬಂದವನೂ ಮೊದಲು ಆರಾಮ ಅದೀನ್ರಿ ಅಂದು ಆಮೇಲೆ ಕಾಲು ತೋರಿಸುತ್ತಾನೆ. ಹನ್ನೊಂದು ವರ್ಷ, ದಿನಕ್ಕೆ ಮೂವತ್ತು ಹಾಸಿಗೆ, ಒಂದೊಂದು ಹಾಸಿಗೆಗೆ ನಾಲ್ಕು ಸಲ ಈ ಪ್ರಶ್ನೆ ಕೇಳಿದವಳು ಕಸ್ತೂರಿ. ಅದರ ಮೋಸ ಅವಳಿಗೆ ಗೊತ್ತಿರಬೇಕಿತ್ತು.

ಹದಿನಾಲ್ಕನೇ ಹಾಸಿಗೆಯಲ್ಲಿ ದುಂಡವ್ವ ಎಂಬ ಮುದುಕಿ ಇದ್ದಳು, ಹಿಡಕಲ್ ಕಡೆಯವಳು. ಹೊಟ್ಟೆಯ ಆಪರೇಶನ್ ಆಗಿ ಐದು ದಿನವಾಗಿತ್ತು. “ಏನ್ ದುಂಡವ್ವಾ, ಆರಾಮ?” ಎಂದು ಕೇಳಿದರೆ ಎಲ್ಲರ ಹಾಗೆ ಉತ್ತರ ಕೊಟ್ಟು ಸುಮ್ಮನಾಗುತ್ತಿರಲಿಲ್ಲ. “ಆರಾಮ ಅದೀನಿ ನನ್ನವ್ವಾ. ನೀ ಚಾ ಕುಡದೇನ?” ಎನ್ನುತ್ತಿದ್ದಳು. ಮೂವತ್ತು ಹಾಸಿಗೆಗಳಲ್ಲಿ ನರ್ಸನ್ನು ತಿರುಗಿ ಕೇಳುವವಳು ಅವಳೊಬ್ಬಳೇ.

ಆ ದಿನ ಕಸ್ತೂರಿ ನಿಂತು ಹದಿನಾರು ತಾಸಾಗಿತ್ತು. ಬೆಳಗಿನ ಪಾಳಿಯವರು ಬರಲಿಲ್ಲ, ನೀವೇ ಮುಂದುವರಿಸಿ ಸಿಸ್ಟರ್ ಎಂದರು, ಮುಂದುವರಿಸಿದಳು. ಆ ತಿಂಗಳಲ್ಲಿ ಅದು ಒಂಬತ್ತನೆಯ ಸಲ. ಹತ್ತು ಗಂಟೆಗೆ ಹದಿನಾಲ್ಕನೇ ಹಾಸಿಗೆಯ ಮುಂದೆ ನಿಂತು, ಆರಾಮ ಎಂದು ಕೇಳುವಾಗಲೇ ಪೆನ್ನು ಕಾಗದದ ಮೇಲಿತ್ತು. “ಆರಾಮ ಅದೀನಿ,” ಎಂದಳು ದುಂಡವ್ವ. ಕಸ್ತೂರಿ ಬರೆದುಕೊಂಡು ಮುಂದಿನ ಹಾಸಿಗೆಗೆ ಹೋದಳು. ಹದಿನೇಳನೆಯದಕ್ಕೆ ಬಂದಾಗ, ಮುದುಕಿ ಇವತ್ತು ಚಹಾ ಕೇಳಲಿಲ್ಲವಲ್ಲ ಎಂದು ಮನಸ್ಸಿಗೆ ಬಂತು. ತಿರುಗಿ ಹೋಗಿ ನೋಡಬೇಕಿತ್ತು. ಕಾಲು ಬರಲಿಲ್ಲ. ಮುಕ್ಕಾಲು ತಾಸಿಗೆ ದುಂಡವ್ವ ಹೋಗಿಬಿಟ್ಟಳು.

ಅದಕ್ಕಿಂತ ಹೆದರಿಕೆ ತಂದದ್ದು ಆಮೇಲಿನದು. ಮುದುಕಿಯ ಮಗ ಗೋಡೆಗೆ ತಲೆ ಕೊಟ್ಟು ಅಳುತ್ತಿದ್ದಾಗ, ಹದಿನಾಲ್ಕನೆಯದು ಖಾಲಿಯಾಯಿತು, ಹೊರಗೆ ಸ್ಟ್ರೆಚರಿನಲ್ಲಿ ಇದ್ದವನನ್ನು ಇಲ್ಲಿ ಹಾಕಬಹುದು ಎಂದು ಕಸ್ತೂರಿ ಯೋಚಿಸುತ್ತಿದ್ದಳು. ದುಃಖ ಹುಡುಕಿದಳು, ಸಿಗಲಿಲ್ಲ. ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು ಅಳಲು ನೋಡಿದಳು, ಅದೂ ಆಗಲಿಲ್ಲ. ಮೂರು ವಾರ ಹೀಗೇ ಹೋಯಿತು. ಅನ್ನ ಸಪ್ಪೆ, ನಿದ್ದೆ ಬಂದರೂ ದಣಿವು ಆರದು, ರೋಗಿಗಳು ಕರೆದರೆ ಸಿಟ್ಟು, ಸಿಟ್ಟು ಬಂದದ್ದಕ್ಕೆ ನಾಚಿಕೆ. ಒಂದು ಬೆಳಿಗ್ಗೆ ಡ್ಯೂಟಿಗೆ ಬಂದವಳು ದವಾಖಾನೆಯ ಮೂರನೇ ಮೆಟ್ಟಿಲ ಮೇಲೆ ಕುಳಿತಳು. ಏಳಲು ಆಗಲಿಲ್ಲ. ಯಾರಿಗೋ ಕಾಯುತ್ತಿದ್ದಾರೆ ಎಂದುಕೊಂಡು ವಾಚ್‌ಮನ್ ಸುಮ್ಮನಿದ್ದ. ಒಂದೂಕಾಲು ತಾಸು ಅಲ್ಲೇ ಕುಳಿತಿದ್ದಳು.

ಹುಕ್ಕೇರಿಯಲ್ಲಿ ಮನಸ್ಸಿನ ಡಾಕ್ಟರೊಬ್ಬರು ಇದ್ದಾರೆ ಎಂದು ಅವಳಿಗೆ ಗೊತ್ತಿತ್ತು. ಗೋಕಾಕದಲ್ಲಿ ಅಂಥವರ ಬಾಗಿಲು ಹತ್ತಿದರೆ ಸಂಜೆಯೊಳಗೆ ಇಡೀ ವಾರ್ಡಿಗೆ ಸುದ್ದಿ. ಆದ್ದರಿಂದ ಹುಕ್ಕೇರಿ ಬಸ್ಸಿನ ಕಿಟಕಿ ಹಿಡಿದು, ತಲೆ ತುಂಬ ಸೆರಗು ಹೊದ್ದು, ಟಿಕೆಟ್ ಕೊಟ್ಟ ಕಂಡಕ್ಟರನ ಮೇಲೂ ಅನುಮಾನ ಪಡುತ್ತ ಹೋದಳು.

ಡಾಕ್ಟರ್ ಯಶೋಧರಾ ಕಸ್ತೂರಿಗಿಂತ ಎರಡು ವರ್ಷ ಚಿಕ್ಕವರಿರಬೇಕು. “ಬರ್ರಿ, ಕೂಡ್ರಿ. ಆರಾಮ ಅದಿರಿ?”

“ಆರಾಮ ಅದೀನ್ರಿ.”

ಡಾಕ್ಟರರು ನಕ್ಕರು. “ಆರಾಮ ಇದ್ದಾವ್ರು ಹುಕ್ಕೇರಿ ತನಕಾ ಯಾಕ ಬಂದ್ರಿ? ತಪ್ಪ ನಂದ. ನಾ ಹಂಗ ಕೇಳಬಾರದಿತ್ತು.” ಪೆನ್ನು ಮೇಜಿನ ಮೇಲಿಟ್ಟು, “ಏನ ಆಗೇತಿ ಹೇಳ್ರಿ,” ಎಂದು ಕೈ ಕಟ್ಟಿ ಕುಳಿತರು.

ಪೆನ್ನು ಕೆಳಗಿಟ್ಟು ಕೇಳುವ ಡಾಕ್ಟರನ್ನು ಕಸ್ತೂರಿ ತನ್ನ ಹನ್ನೊಂದು ವರ್ಷದಲ್ಲಿ ಕಂಡಿರಲಿಲ್ಲ. ಅದಕ್ಕೇ ಅವರನ್ನೂ ನಂಬಲಿಲ್ಲ. ಆದರೂ ಹೇಳಿದಳು. ಕೊನೆಗೆ ಕೇಳಿದಳು: “ನಾ ತಿರುಗಿ ಹೋಗಿ ನೋಡಿದ್ರ ದುಂಡವ್ವ ಉಳೀತಿದ್ಲೇನ್ರಿ?”

“ಗೊತ್ತಿಲ್ರಿ. ಉಳೀಬಹುದಿತ್ತು, ಉಳೀದನೂ ಇರಬಹುದಿತ್ತು. ಹದಿನಾರು ತಾಸ ನಿಂತಾವ್ರಿಗೆ ತಿರುಗಿ ಹೋಗಾಕ ಕಾಲ ಎಲ್ಲಿಂದ ಬರಬೇಕ್ರಿ?” ಎಂದರು ಯಶೋಧರಾ. “ನಿಮಗ ಹುಚ್ಚ ಹಿಡದಿಲ್ಲ. ನೀವ ಪೂರಾ ಖಾಲಿ ಆಗೀರಿ. ಗುಳಿಗಿ ಕೊಡ್ತೀನಿ, ಆದ್ರ ಗುಳಿಗಿಕಿಂತ ಸೂಟಿ ದೊಡ್ಡದು. ಆರು ವಾರ.”

ಡಾಕ್ಟರು ಕೊಟ್ಟ ಚೀಟಿಯಲ್ಲಿ ಬರೆದದ್ದನ್ನು ಓದಿ ಕಸ್ತೂರಿ ಅದನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿ ಆಧಾರ್ ಕಾರ್ಡಿನ ಹಿಂದೆ ತುರುಕಿದಳು. ದವಾಖಾನೆಗೆ ಬೆನ್ನುನೋವು ಎಂದು ಬರೆದು, ಡಾಕ್ಟರ ಚೀಟಿ ಆಮೇಲೆ ಕೊಡುತ್ತೇನೆ ಎಂದು ಸೇರಿಸಿ, ಮಮದಾಪುರದ ಬಸ್ಸು ಹತ್ತಿದಳು. ಅಪ್ಪ ಅವ್ವ ಇಲ್ಲದ ಅವಳನ್ನು ಬೆಳೆಸಿದವನು ಶಿದ್ರಾಮ ಕಾಕಾ. ಕಟ್ಟಿಕೊಂಡ ಗಂಡ ಸೋಡಚೀಟಿ ಕೊಟ್ಟು ಬಿಟ್ಟು ಹತ್ತು ವರ್ಷವಾಗಿತ್ತು. ಹೋಗಲು ಬೇರೆ ಮನೆ ಇರಲಿಲ್ಲ.

ಶಿದ್ರಾಮ ಮೂವತ್ತು ಕುರಿ, ಎರಡು ಎಕರೆ ಗೋವಿನಜೋಳದ ಮನುಷ್ಯ. ಬಂದ ದಿನದಿಂದ ಏನಾಯಿತು, ಯಾಕೆ ಬಂದೆ, ಎಷ್ಟು ದಿನ ಎಂದು ಒಂದು ಮಾತು ಕೇಳಿರಲಿಲ್ಲ. ಆದರೆ ನೋಡುತ್ತಿದ್ದ. ಉಣ್ಣಲು ಕುಳಿತರೆ ಅವನ ಕಣ್ಣು ಕಸ್ತೂರಿಯ ತಾಟಿನ ಮೇಲೆ. ನಡೆದರೆ ಅವಳ ಹೆಜ್ಜೆಯ ಮೇಲೆ. ರೊಟ್ಟಿ ಹೆಚ್ಚು ತಿಂದೆನೇ? ಭಾರವಾದೆನೇ? ಓಣಿಯ ಹೆಂಗಸರಂತೂ ನೇರವಾಗಿಯೇ, “ಏನವಾ, ಸೂಟಿ ಭಾಳ ದಿನದ್ದ ಕಾಣತೈತಿ,” ಎಂದು ಕೇಳಿ ಹೋಗಿದ್ದರು. ಚಿಗವ್ವ ಅಡಿಗೆಮನೆಯಲ್ಲಿ ಯಾರದೋ ಜೊತೆ ಫೋನಿನಲ್ಲಿ ದನಿ ತಗ್ಗಿಸಿದರೆ, ಅದು ತನ್ನ ಮಾತೇ ಎಂದು ಕಸ್ತೂರಿ ಕಿವಿ ನಿಮಿರಿಸುತ್ತಿದ್ದಳು.

ಎಲ್ಲರಿಗಿಂತ ಹೆಚ್ಚು ಅನುಮಾನ ಅವಳಿಗಿದ್ದದ್ದು ತನ್ನ ಮೇಲೆಯೇ. ಮೊದಲ ವಾರ ಬರೀ ಮಲಗಿದಳು. ಎರಡನೇ ವಾರ ಕುರಿಗಳ ಹಿಂದೆ ಹಳ್ಳದ ತನಕ ಹೋಗಿಬಂದಳು. ಹದಿನೆಂಟನೇ ದಿನ, ಒಂದು ಮರಿ ತಂತಿಯ ಮೇಲೆ ಒಣಹಾಕಿದ್ದ ಚಿಗವ್ವನ ಕುಬಸದ ತೋಳನ್ನು ಅರ್ಧ ತಿಂದು ನಿಂತದ್ದನ್ನು ಕಂಡು ಕಸ್ತೂರಿಗೆ ನಗು ಬಂತು. ಬಾಯಿಗೆ ಸೆರಗು ಹಿಡಿದು ನಕ್ಕಳು. ಮರುಕ್ಷಣ ಹೆದರಿದಳು. ನಗು ಬರುತ್ತದೆ ಅಂದರೆ ನನಗೇನೂ ಆಗಿಲ್ಲವೇ? ಸುಮ್ಮನೆ ಸೋಮಾರಿತನಕ್ಕೆ ಡಾಕ್ಟರ ಚೀಟಿ ಬರೆಸಿಕೊಂಡೆನೇ? ಅಲ್ಲಿ ಮೂವತ್ತು ಹಾಸಿಗೆ ಬಿಟ್ಟು ಬಂದು ಇಲ್ಲಿ ಕುಬಸ ನೋಡಿ ನಗುತ್ತಿದ್ದೇನಲ್ಲ! ಆ ದಿನ ರೊಟ್ಟಿ ರುಚಿ ಹತ್ತಿತು, ಅದಕ್ಕೂ ನಾಚಿಕೊಂಡಳು.

ಅರ್ಚನಾ ಬಂದುಹೋದ ಎರಡನೇ ದಿನ, ಶನಿವಾರ ಮಧ್ಯಾಹ್ನ, ಮ್ಯಾನೇಜರ್ ಪ್ರಭು ಅವರಿಂದ ಮೊಬೈಲಿಗೆ ಸಂದೇಶ ಬಂತು. “ಕಸ್ತೂರಿ ಸಿಸ್ಟರ್, ತಾವು ಆರಾಮ ಇರುವುದಾಗಿ ತಿಳಿದುಬಂದಿದೆ. ಸೋಮವಾರ ಬೆಳಿಗ್ಗೆ ಡ್ಯೂಟಿಗೆ ಹಾಜರಾಗಬೇಕು. ಬಾರದಿದ್ದಲ್ಲಿ ತಾವು ಕೆಲಸ ಬಿಟ್ಟಿರುವುದಾಗಿ ಭಾವಿಸಲಾಗುವುದು.”

ತಿಳಿದುಬಂದಿದೆ! ಹೇಗೆ ತಿಳಿದುಬಂತು ಎಂದು ಕೇಳಬೇಕೇ? ಹೊರಸಿನ ಮೇಲೆ ಮುಖ ಮೇಲೆ ಮಾಡಿ ಮಲಗಿದ್ದ ಆ ಫೋನು, ಆ ಎರಡು ಕೊಡ, ಆ ನಡುಗುವ ಕೈ. ಕಸ್ತೂರಿಯ ಮೈಯೆಲ್ಲ ಉರಿಯಿತು. ಸಿರಿಂಜು ಹಿಡಿಯಲು ಬಾರದಿದ್ದ ಹುಡುಗಿಗೆ ಕೈ ಹಿಡಿದು ಕಲಿಸಿದವಳು ಅವಳು. ಸಿಟ್ಟಿನ ಹಿಂದೆಯೇ ಹೆದರಿಕೆ ಬಂತು. ಸೋಮವಾರ ಆ ಮೆಟ್ಟಿಲು ಹತ್ತಬೇಕು. ಹತ್ತಿದರೆ ಮತ್ತೆ ಪೆನ್ನು, ಮತ್ತೆ ಮೂವತ್ತು ಹಾಸಿಗೆ, ಮತ್ತೊಬ್ಬ ದುಂಡವ್ವ. ಹತ್ತದಿದ್ದರೆ ಕೆಲಸ ಹೋಯಿತು. ಬೆನ್ನುನೋವು ಎಂದು ವಾದಿಸೋಣವೆಂದರೆ ಬೆನ್ನು ಕಲ್ಲಿನಂತಿದೆ, ಯಾವ ಡಾಕ್ಟರು ಮುಟ್ಟಿದರೂ ಸುಳ್ಳು ಹೊರಬೀಳುತ್ತದೆ. ಖರೆ ಹೇಳೋಣವೆಂದರೆ ಹುಚ್ಚಿ ಎಂಬ ಹೆಸರು.

ಸಂಜೆ ಕುರಿಗಳು ಹಟ್ಟಿಗೆ ಬರುವ ಹೊತ್ತಿಗೆ ಸಿಟ್ಟು ಯಾರ ಮೇಲಾದರೂ ಇಳಿಯಬೇಕಿತ್ತು. ಕಾಕಾ ಬಾಗಿಲಿಗೆ ಅಡ್ಡ ನಿಂತು ಒಂದೊಂದೇ ಕುರಿಯನ್ನು ಒಳಗೆ ಬಿಡುತ್ತಿದ್ದ. ಕಸ್ತೂರಿ ಹೋಗಿ ಎದುರು ನಿಂತಳು.

“ಕಾಕಾ, ನಾ ಉಣ್ಣೂದನ್ನ ಯಾಕ ನೋಡ್ತಿ? ಭಾರ ಆಗಿದ್ರ ಬಾಯಿ ಬಿಟ್ಟ ಹೇಳ, ನಾಳೆ ಹೊಕ್ಕೇನಿ.”

ಶಿದ್ರಾಮ ಅವಳ ಕಡೆ ತಿರುಗಲಿಲ್ಲ. ಹಿಂದೆ ಉಳಿದಿದ್ದ ಒಂದು ಕುರಿಯನ್ನು ಕಾಲ ನಡುವೆ ಹಿಡಿದು, ಕಣ್ಣಿನ ರೆಪ್ಪೆ ಕೆಳಗೆ ಜಗ್ಗಿ ನೋಡಿದ. “ಇದಕ್ಕ ಎರಡ ದಿನದಿಂದ ಆರಾಮ ಇಲ್ಲ. ಯಾರ ಹೇಳಿದ್ರು ನನಗ?”

“ನನಗೇನ ಗೊತ್ತ?”

“ಯಾರೂ ಹೇಳಿಲ್ಲ. ಕುರಿ ಹೇಳತೈತೇನ? ಮೇಯಾಕ ಹ್ವಾದಾಗ ಹಿಂದ ಬಿದ್ದಿತ್ತು, ನಿನ್ನೆ ಮೆಲಕ ಹಾಕಲಿಲ್ಲ. ನೋಡಬೇಕ ಅಷ್ಟ.” ಕುರಿಯನ್ನು ಒಳಗೆ ಬಿಟ್ಟು ಕೈ ಒರೆಸಿಕೊಂಡ. “ನೀ ಬಂದ ದಿನಾ ಅರ್ಧಾ ರೊಟ್ಟಿ ತಿಂದಿ, ಅದನ್ನೂ ಬಾಯಾಗ ತಿರುವಿ ತಿರುವಿ. ಈ ವಾರ ಎರಡಕ್ಕ ಬಂದೈತಿ. ಇನ್ನ ಪೂರಾ ಆಗಿಲ್ಲ. ಚಾ ಕೊಟ್ರ ಆರಿಸಿ ಇಡ್ತಿ.”

“ನನ್ನ ಕೇಳಬಹುದಿತ್ತಲ್ಲ ಕಾಕಾ.”

“ಕೇಳಿದ್ರ ಏನಂತಿದ್ದಿ?”

ಇಬ್ಬರಿಗೂ ಉತ್ತರ ಗೊತ್ತಿತ್ತು. ಕಸ್ತೂರಿ ಹಟ್ಟಿಯ ಕಲ್ಲಿನ ಮೇಲೆ ಕುಳಿತಳು, ದುಂಡವ್ವನಿಗೆ ಬಾರದ ಅಳು ಆಗ ಬಂತು. ಕುರಿಗಳ ಮುಂದೆ ಯಾವ ನಾಚಿಕೆಯೂ ಇಲ್ಲದೆ ಗಳಗಳ ಅತ್ತಳು. ಶಿದ್ರಾಮ ಸಮಾಧಾನ ಹೇಳಲಿಲ್ಲ. ಹಟ್ಟಿಯ ಬಾಗಿಲು ಹಾಕಿ, ಬಾಜೂದ ಕಲ್ಲಿನ ಮೇಲೆ ತಂಬಾಕು ತಿಕ್ಕುತ್ತ ಕುಳಿತ.

ಸೋಮವಾರ ಬೆಳಿಗ್ಗೆ ಕಸ್ತೂರಿ ಗೋಕಾಕ ಬಸ್ಸು ಹತ್ತಿದಾಗ ಚೀಲದಲ್ಲಿ ಎರಡು ವಸ್ತು ಇದ್ದವು. ಪರ್ಸಿನೊಳಗೆ ಹುಕ್ಕೇರಿಯ ಚೀಟಿ, ಮತ್ತು ದಾರ ಬಿಚ್ಚದ ಕರದಂಟಿನ ಡಬ್ಬಿ. ಚೀಟಿ ಕೊಡಬೇಕೋ ಬೇಡವೋ ಎಂದು ಇನ್ನೂ ಗಟ್ಟಿ ಆಗಿರಲಿಲ್ಲ. ಡಬ್ಬಿಯ ವಿಷಯ ಮಾತ್ರ ಗಟ್ಟಿಯಾಗಿತ್ತು. ಅದನ್ನು ಅರ್ಚನಾಳ ಮುಖದ ಮುಂದೆ ಇಟ್ಟು, ನಿನ್ನ ಕೂಲಿ ನೀನೇ ಇಟ್ಟುಕೋ ಎನ್ನಬೇಕು.

ದವಾಖಾನೆಯ ಮೂರನೇ ಮೆಟ್ಟಿಲಲ್ಲಿ ಕಾಲು ಒಮ್ಮೆ ನಿಂತಿತು. ಬಿಡದೆ ಎತ್ತಿದಳು.

ಮ್ಯಾನೇಜರ್ ಪ್ರಭು ಕಂಪ್ಯೂಟರಿನಿಂದ ಕಣ್ಣು ತೆಗೆಯದೆಯೇ ಮಾತಾಡಿಸಿದರು. “ಬರ್ರಿ ಬರ್ರಿ ಸಿಸ್ಟರ್. ಆರಾಮ?”

ಆರಾಮ ಅದೀನ್ರಿ ಎಂಬುದು ನಾಲಗೆಯ ತುದಿಗೆ ಬಂದೇ ಬಂತು. ಕಸ್ತೂರಿ ಅದನ್ನು ಹಲ್ಲಿನಲ್ಲಿ ತಡೆದಳು. ಪ್ರಭು ಎರಡು ಸಲ ಕೀಲಿಮಣೆ ಒತ್ತಿದರು, ಉತ್ತರ ಬರಲಿಲ್ಲ. ಆಗ ತಲೆ ಎತ್ತಿದರು.

“ಬೆನ್ನ ಆರಾಮ ಐತ್ರಿ,” ಎಂದಳು ಕಸ್ತೂರಿ. “ಬೆನ್ನಿಗೆ ಮೊದಲೂ ಏನೂ ಆಗಿರಲಿಲ್ಲ, ನಾ ಸುಳ್ಳ ಬರದಿದ್ದೆ. ನಾ ಆರಾಮ ಇಲ್ರಿ.”

ಚೀಟಿಯ ನಾಲ್ಕು ಮಡಿಕೆ ಬಿಚ್ಚಿ ಮೇಜಿನ ಮೇಲಿಟ್ಟಳು. ಪ್ರಭು ಓದಿದರು. ಡಾಕ್ಟರ ಹೆಸರಿನ ಕೆಳಗೆ ಮನೋರೋಗ ತಜ್ಞರು ಎಂದಿದ್ದ ಸಾಲಿಗೆ ಬಂದಾಗ ಅವರ ಖುರ್ಚಿ ಒಂದು ಗೇಣು ಹಿಂದೆ ಸರಿಯಿತು. ಕಸ್ತೂರಿ ಅದನ್ನು ನೋಡಿದಳು. ಮನಸ್ಸಿಗೆ ನೋವಾಯಿತು, ಆದರೂ ಅಲ್ಲೇ ನಿಂತಳು.

“ಇದನ್ನ ಮೊದಲ ಕೊಡಬೇಕಿತ್ತಲ್ರಿ.”

“ಕೊಟ್ಟಿದ್ರ ಹಿಂಗ ಖುರ್ಚಿ ಸರಸತಿದ್ರಿ.”

ಪ್ರಭು ಕೆಮ್ಮಿದರು. ಖುರ್ಚಿಯನ್ನು ಮತ್ತೆ ಮುಂದೆ ಎಳೆದುಕೊಂಡರು. ಕೆಟ್ಟ ಮನುಷ್ಯನಲ್ಲ ಅವರು. “ನೋಡ್ರಿ ಸಿಸ್ಟರ್, ನನಗೂ ಮಂದಿ ಕಡಿಮಿ ಅದಾರ. ಮೂರ ಮಂದಿ ಕೆಲಸ ಒಬ್ರ ಮಾಡಾಕತ್ತಾರ.”

“ಗೊತ್ತೈತ್ರಿ. ಆ ಒಬ್ರು ನಾನ ಇದ್ದೆ.” ಅಲ್ಲಿಗೆ ನಿಲ್ಲಿಸಬಹುದಿತ್ತು. ಮೂರು ದಿನದ ಉರಿ ಸುಮ್ಮನಿರಬೇಕಲ್ಲ. “ಅದಕ್ಕ ಅರ್ಚನಾನ್ನ ನನ್ನ ಮ್ಯಾಲ ಕಣ್ಣಿಡಾಕ ಕಳಸಿದ್ರೇನ್ರಿ? ಕರದಂಟ ಕೊಟ್ಟ?”

“ಎಲ್ಲಿಗೆ?” ಪ್ರಭು ಹುಬ್ಬು ಮೇಲೆತ್ತಿದರು. “ಆಕಿ ನಿಮ್ಮೂರಿಗೆ ಬಂದಿದ್ಲೇನ? ನನಗ ಗೊತ್ತ ಇಲ್ಲ. ಕಾರಿಡಾರನ್ಯಾಗ ಸಿಕ್ಲು, ಕಸ್ತೂರಿ ಸಿಸ್ಟರ್ ಹೆಂಗದಾರ ಅಂತ ಹಂಗ ಕೇಳಿದೆ. ಆರಾಮ ಅದಾರ್ರಿ ಅಂದ್ಲು. ಆರಾಮ ಅದಾರ ಅಂದ್ರ ಡ್ಯೂಟಿಗೆ ಬರಲಿ ಅಂತ ಮೆಸೇಜ ಹಾಕಿದೆ.”

ಮುಗಿಯಿತು. ಗೂಢಚಾರರಿಲ್ಲ, ರೆಕಾರ್ಡಿಲ್ಲ, ನೀರಿನ ಕೊಡಗಳ ಸಾಕ್ಷಿಯಿಲ್ಲ. ಕಸ್ತೂರಿಯ ಬಾಯಿಂದ ಬಿದ್ದ ಒಂದು ಶಬ್ದವನ್ನು ಅರ್ಚನಾ ಇನ್ನೊಬ್ಬರಿಗೆ ದಾಟಿಸಿದ್ದಳು, ಬಾಗಿಲಲ್ಲಿ ಸಿಕ್ಕವರಿಗೆ ಎಲ್ಲರೂ ದಾಟಿಸುವ ಹಾಗೆ. ಉಳಿದ ವಾರಗಳಿಗೆ ಪಗಾರವಿಲ್ಲದ ಸೂಟಿ, ಆಮೇಲೆ ಡಾಕ್ಟರು ಹೇಳಿದಂತೆ ನೋಡೋಣ ಎಂದು ಪ್ರಭು ಚೀಟಿಯ ಮೂಲೆಯಲ್ಲಿ ಬರೆದು ಸಹಿ ಮಾಡಿದರು. ಗೆದ್ದೆ ಎಂದು ಕಸ್ತೂರಿಗೆ ಅನಿಸಲಿಲ್ಲ. ಹೊರಗೆ ಬಂದಾಗ ಚೀಲದೊಳಗಿನ ಡಬ್ಬಿ ಕೈಗೆ ತಾಗಿ, ಮುಖ ಎಲ್ಲಿ ಮುಚ್ಚಿಕೊಳ್ಳಲಿ ಎಂಬಂತಾಯಿತು.

ಅರ್ಚನಾ ಮೆಟ್ಟಿಲ ಮೇಲೆ ಕುಳಿತಿದ್ದಳು. ಅದೇ ಮೂರನೆಯದು. ನರ್ಸಿನ ಬಿಳಿ ಕೋಟು ಮಡಿಲಲ್ಲಿತ್ತು, ಫೋನು ಮುಖ ಮೇಲೆ ಮಾಡಿ ತೊಡೆಯ ಮೇಲಿತ್ತು. ಹೋಗಿ ಬರುವವರು ಅವಳನ್ನು ಬಳಸಿಕೊಂಡು ಹೋಗುತ್ತಿದ್ದರು. ವಾಚ್‌ಮನ್, ಯಾರಿಗೋ ಕಾಯುತ್ತಿರಬೇಕು ಎಂಬ ಮುಖ ಮಾಡಿಕೊಂಡು ನಿಂತಿದ್ದ.

ಕಸ್ತೂರಿ ಎರಡು ಮೆಟ್ಟಿಲು ಮೇಲೆ ನಿಂತು ನೋಡಿದಳು. ಕಣ್ಣಿನ ಕೆಳಗೆ ಕಪ್ಪು. ಕೊರಳಿನ ಎಲುಬು ಎದ್ದಿದೆ. ಕೈ, ಕೋಟಿನ ಒಳಗೇ, ನಡುಗುತ್ತಿದೆ. ಅವತ್ತು ಪಡಸಾಲೆಯಲ್ಲೂ ಇದೆಲ್ಲ ಇದೇ ಕಣ್ಣ ಮುಂದಿತ್ತು.

“ಅರ್ಚನಾ.”

“ಅಕ್ಕಾ!” ಹುಡುಗಿ ಗಡಬಡಿಸಿ ಏಳಲು ನೋಡಿದಳು. “ನೀವು ಡ್ಯೂಟಿಗೆ ಬಂದ್ರೇನ? ನಾ ಇಲ್ಲೇ, ಹಂಗ ಸುಮ್ಮನ... ಫೋನ ಬರತೈತಿ ಅಂತ. ಯಾವಾಗ ಡ್ಯೂಟಿಗೆ ಕರೀತಾರೋ ಗೊತ್ತಾಗಾಂಗಿಲ್ಲಲ್ಲ, ಅದನ್ನ ನೋಡಕೋಂತ ಇರ್ತೇನಿ.”

ಕಸ್ತೂರಿ ಇಳಿದು ಅವಳ ಬಾಜೂ ಕುಳಿತಳು. “ಕರದಂಟ ಯಾಕ ತಂದಿದ್ದಿ?”

“ಡಿಸ್ಚಾರ್ಜ ಆದ ಪೇಶಂಟ ಕೊಟ್ಟಿದ್ರಕ್ಕಾ. ತಿನ್ನಾಕ ಮನಸ್ಸ ಬರಲಿಲ್ಲ.”

“ಮೂಡಲಗಿಗೆ ಹೊಂಟಾಕಿ ನಮ್ಮೂರಿಗೆ ಯಾಕ ಬಂದಿ?”

ಅರ್ಚನಾ ಮಡಿಲಲ್ಲಿದ್ದ ಕೋಟಿನ ಅಂಚು ಮಡಚಿದಳು. “ನಿಮ್ಮನ್ನ ಕೇಳಾಕ ಬಂದಿದ್ದೆ. ಬೆನ್ನ ಅಂತ ಬರದಿದ್ರಲ್ಲ, ನಾ ಅದನ್ನ ನಂಬಿರಲಿಲ್ಲ. ನನಗ ಆಗಾಕತ್ತಿದ್ದ ನಿಮಗೂ ಆಗಿರಬೇಕ ಅನಕೊಂಡಿದ್ದೆ. ಆದ್ರ ನೀವ ಬಾಗಲದಾಗ ಆರಾಮ ಅಂದ್ರಿ. ಹಂಗಾರ ನನಗೊಬ್ಬಾಕಿಗೇ ಹಿಂಗ ಆಗೇತಿ ಅಂತ ತಿಳದ ವಾಪಸ ಬಂದೆ.”

ದುಂಡವ್ವ ಆರಾಮ ಅಂದಳು, ಕಸ್ತೂರಿ ಬರೆದುಕೊಂಡು ಮುಂದೆ ಹೋದಳು. ಇವಳು ಆರಾಮ ಅಂದಳು, ಹುಡುಗಿ ಬಾಯಿಗೆ ಬಂದ ಮಾತನ್ನು ನುಂಗಿ ಬಸ್ಸು ಹತ್ತಿದಳು. ಬರೀ ನಾಲ್ಕು ದಿನದ ಹಿಂದೆ, ಅರ್ಧ ಚೆಲ್ಲಿದ ಚಹಾದ ಮುಂದೆ, ತಾನೇ ಅವಳನ್ನು ಕಳ್ಳಿ ಎಂದುಕೊಂಡು ಕುಳಿತಿದ್ದಳು.

“ನಾ ಆರಾಮ ಇರಲಿಲ್ಲ. ಇನ್ನೂ ಇಲ್ಲ,” ಎಂದಳು. “ಈಗ ನಿನ್ನ ಕೇಳ್ತೇನಿ. ನೀ ಆರಾಮ ಅದಿ?”

“ಹಾಂ ಅಕ್ಕಾ, ಆರಾ...”

ಕಸ್ತೂರಿ ಎದ್ದು ಹೋಗಲಿಲ್ಲ. ಸ್ಟ್ಯಾಂಡಿನಲ್ಲಿ ಮಮದಾಪುರದ ಬಸ್ಸು ಹೊರಡುವ ಹೊತ್ತಾಗಿತ್ತು, ಹೊರಡಲಿ ಎಂದುಕೊಂಡಳು. ಒಳಗಿನಿಂದ ಯಾರೋ ಸಿಸ್ಟರ್, ಸಿಸ್ಟರ್ ಎಂದು ಕೂಗುತ್ತಿದ್ದರು. ಅರ್ಚನಾಳ ತೊಡೆಯ ಮೇಲಿನ ಫೋನು ಮಿನುಗಿತು. ಕಸ್ತೂರಿ ಕೈ ಚಾಚಿ ಅದನ್ನು ಬೋರಲು ಹಾಕಿದಳು.

“ಇಲ್ಲಕ್ಕಾ,” ಎಂದಳು ಅರ್ಚನಾ. “ಆರಾಮ ಇಲ್ಲ.”

ಆಮೇಲೆ ಅಳು ಬಂತು. ಅದು ಮುಗಿಯುವವರೆಗೆ ಕಸ್ತೂರಿ ಕಾದಳು. ಮುಗಿದ ಮೇಲೆ ಚೀಲದಿಂದ ಡಬ್ಬಿ ತೆಗೆದು, ಹಲ್ಲಿನಿಂದ ಕೆಂಪು ದಾರ ಕಡಿದು, ಒಂದು ತುಂಡು ಕರದಂಟನ್ನು ಎರಡು ಮಾಡಿದಳು.

“ಬುಧವಾರ ನಂದ ಹುಕ್ಕೇರಿಗೆ ಹೋಗೂದೈತಿ,” ಎಂದಳು. “ಡಾಕ್ಟರ ಛಲೋ ಅದಾರ. ಕಿಡಕಿ ಸೀಟ ನಿನಗ ಬಿಡ್ತೇನಿ.”